ಗಿಟಾರ್ ಮಾರುವವರಿಗೆ ಕುಷಾಯಿಗೂಡದಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಂಗಡಿಯವರೇ,

ಈ ಪತ್ರ ಯಾವುದೋ ಒಂದು ಅಂಗಡಿಗೆ ಬರೆದದ್ದಲ್ಲ. ಹೈದರಾಬಾದಿನ ಕೋಠಿ, ಅಬಿಡ್ಸ್, ಸಿಕಂದರಾಬಾದುಗಳಲ್ಲಿ, ನಮ್ಮ ಇಸಿಐಎಲ್ ಚೌರಸ್ತೆಯ ಆಸುಪಾಸಿನಲ್ಲಿ, ಹಾಗೆಯೇ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಗೋಡೆಯ ತುಂಬ ಗಿಟಾರ್ ತೂಗುಹಾಕಿ ವ್ಯಾಪಾರ ಮಾಡುವ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನನ್ನದು ಒಂದೇ ದೂರು. ನೀವು ಮಕ್ಕಳಿಗೆಂದು ಮಾರುವ ಅಕೂಸ್ಟಿಕ್ ಗಿಟಾರುಗಳಲ್ಲಿ ಹೆಚ್ಚಿನವು ನುಡಿಸಲು ತಯಾರಾಗಿರುವುದಿಲ್ಲ. ತಯಾರಿಲ್ಲದ ಗಿಟಾರ್ ಹಿಡಿದ ಮಗು ಕೆಲವೇ ವಾರಗಳಲ್ಲಿ ಅದನ್ನು ಮೂಲೆಗಿಡುತ್ತದೆ. ಆಗ ಮನೆಯವರು ಗಿಟಾರನ್ನು ಅನುಮಾನಿಸುವುದಿಲ್ಲ. ‘ಇವಳಿಗೆ ತಾಳ್ಮೆಯಿಲ್ಲ’, ‘ಇವನಿಗೆ ಸಂಗೀತ ಒಲಿಯುವುದಿಲ್ಲ’ ಎಂದು ಮಗುವಿನ ಹಣೆಗೆ ಬರೆದುಬಿಡುತ್ತಾರೆ. ಆ ಮಾತು ಮಗು ದೊಡ್ಡದಾಗುವವರೆಗೂ ಅದರ ಜೊತೆ ಉಳಿಯುತ್ತದೆ. ಅದಕ್ಕೇ ಇದನ್ನು ನಾಲ್ಕು ಗೋಡೆಯೊಳಗೆ ಹೇಳದೆ ಬಹಿರಂಗವಾಗಿ ಹೇಳುತ್ತಿದ್ದೇನೆ.

ನಾನು ಮಲೆನಾಡಿನವನು. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು ಚೆರ್ಲಪಲ್ಲಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದವನು. ಈಗ ಸಂಜೆ ಹೊತ್ತು ಕುಷಾಯಿಗೂಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಗಿಟಾರಿನ ಮೊದಲ ಪಾಠ ಹೇಳಿಕೊಡುತ್ತೇನೆ. ತೆಲುಗು ಮನೆಗಳ ಮಕ್ಕಳೇ ಹೆಚ್ಚು. ಕನ್ನಡದ ಮಕ್ಕಳೂ ಬರುತ್ತಾರೆ. ಮೈಸೂರಿನ ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರ ತತ್ವಪದ ಹಾಡುವುದನ್ನು ಅಪ್ಪ ಅಮ್ಮನ ಫೋನಿನಲ್ಲಿ ನೋಡಿ, ತಮಗೂ ಹಾಗೆ ಹಾಡಬೇಕು ಎಂದು ಬರುವವರು. ಶರೀಫರು ತೀರಿಕೊಂಡದ್ದು 1889ರಲ್ಲಿ, ರಘು ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಇಷ್ಟು ಅಂತರ ದಾಟಿ ಒಂದು ಪದ ಇವತ್ತಿನ ಹತ್ತು ವರ್ಷದ ಮಗುವಿಗೆ ಬೇಕೆನಿಸಿದ್ದರಲ್ಲಿ ಗಿಟಾರಿನ ಪಾಲೂ ಇದೆ. ಆ ಆಸೆಯನ್ನು ಹೊತ್ತುಕೊಂಡೇ ಮಗು ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತದೆ.

ಈ ಮಕ್ಕಳು ಮೊದಲ ದಿನ ತರುವ ಗಿಟಾರನ್ನು ನಾನು ಪಾಠಕ್ಕಿಂತ ಮುಂಚೆ ಅಳೆಯುತ್ತೇನೆ. ಹಳೆಯ ಕಸುಬಿನ ರೂಢಿ ಅದು. ಸ್ಟೀಲ್ ಸ್ಕೇಲೂ ಫೀಲರ್ ಗೇಜೂ ಮೇಜಿನ ಮೇಲೆಯೇ ಇರುತ್ತವೆ. ಈಚೆಗೆ ಆರನೇ ತರಗತಿಯ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. ನೀಲಿ ಬಣ್ಣದ, ಒಂದು ಬದಿ ಕೊರೆದ, ಹೊಳೆಯುವ ಗಿಟಾರ್. ಅಂಗಡಿಯಲ್ಲಿ ಚೀಲ, ಬೆಲ್ಟು, ಪಿಕ್ಕು, ಒಂದು ಜೊತೆ ಹೆಚ್ಚುವರಿ ತಂತಿ ಎಲ್ಲ ಸೇರಿಸಿ ಕೊಟ್ಟಿದ್ದರು. ಹುಡುಗಿಯ ಎಡಗೈಯ ಮೂರು ಬೆರಳ ತುದಿಯಲ್ಲಿ ತಂತಿಯ ಗುರುತು ನೇರಳೆ ಬಣ್ಣಕ್ಕೆ ತಿರುಗಿತ್ತು. ‘ಶುರುವಿನಲ್ಲಿ ನೋಯುತ್ತದೆ, ಎಲ್ಲರಿಗೂ ಹಾಗೇ’ ಎಂದು ಅಂಗಡಿಯಲ್ಲಿ ಹೇಳಿದರಂತೆ. ಅದು ಅರ್ಧ ನಿಜ. ಕತ್ತಿಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ, ಎಂದರೆ ಫ್ರೆಟ್ಟುಗಳಲ್ಲಿ, ಹನ್ನೆರಡನೆಯದರ ಮೇಲೆ ಸ್ಕೇಲ್ ಇಟ್ಟೆ. ದಪ್ಪ ತಂತಿಯ ಅಡಿ ಹೆಚ್ಚುಕಡಿಮೆ 4 ಮಿಲಿಮೀಟರ್ ಸಂದು. ಅಲ್ಲಿ ಇರಬೇಕಾದದ್ದು ಎರಡೂವರೆಯ ಆಸುಪಾಸು, ತೆಳು ತಂತಿಯ ಅಡಿ ಎರಡೋ ಅದಕ್ಕಿಂತ ಸ್ವಲ್ಪ ಕಡಿಮೆಯೋ. ಆಮೇಲೆ ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಮೊದಲನೇ ಫ್ರೆಟ್ಟಿನ ಮೇಲಿನ ಸಂದನ್ನು ನೋಡಿದೆ. ಒಂದು ಹಾಳೆ ಕಾಗದ ತೂರುವಷ್ಟು ಇದ್ದರೆ ಸಾಕಾಗುವ ಕಡೆ ಬಸ್ ಟಿಕೇಟನ್ನು ಮಡಚಿ ಮಡಚಿ ತೂರಿಸಬಹುದಿತ್ತು. ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನ ಕಚ್ಚುಗಳನ್ನು ಕಾರ್ಖಾನೆಯಲ್ಲಿ ಅರ್ಧಂಬರ್ಧ ಕೊರೆದು ಬಿಟ್ಟಿದ್ದರು, ನಡುವೆ ಯಾರೂ ಅದನ್ನು ನೋಡಿರಲಿಲ್ಲ.

ಈ ಒಂದು ದೋಷದಿಂದ ಏನೇನಾಗುತ್ತದೆ ನೋಡಿ. ತಂತಿಯನ್ನು ಒತ್ತಿ ಫ್ರೆಟ್ಟಿಗೆ ಮುಟ್ಟಿಸುವಾಗ ಅದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಸ್ವರ ಏರುತ್ತದೆ. ನಟ್ ಎತ್ತರವಿದ್ದರೆ ಈ ಏರಿಕೆ ಮೊದಲ ಮೂರು ಫ್ರೆಟ್ಟುಗಳಲ್ಲೇ ಅತಿ ಹೆಚ್ಚು. ಹೊಸಬರು ಹಿಡಿಯುವ ಕಾರ್ಡುಗಳೆಲ್ಲ, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳೆಲ್ಲ, ಇರುವುದೂ ಅಲ್ಲಿಯೇ. ಹಾಗಾಗಿ ಫೋನಿನ ಟ್ಯೂನರ್ ಆರೂ ತಂತಿ ಸರಿಯಿವೆ ಎಂದು ಹಸಿರು ದೀಪ ತೋರಿಸುತ್ತದೆ, ಮಗು ಸಿ ಕಾರ್ಡ್ ಹಿಡಿದು ಮೀಟಿದರೆ ಅಪಸ್ವರ. ಕರ್ನಾಟಕ ಸಂಗೀತದ ಪಾಠಕ್ಕೂ ಹೋಗುವ, ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಮಗುವಿಗೆ ಇದು ಥಟ್ಟನೆ ಗೊತ್ತಾಗುತ್ತದೆ, ಏಕೆಂದು ಮಾತ್ರ ಗೊತ್ತಾಗುವುದಿಲ್ಲ. ತನ್ನ ಬೆರಳೇ ಸರಿಯಿಲ್ಲ ಎಂದುಕೊಳ್ಳುತ್ತದೆ. ಇನ್ನು ಎಫ್ ಕಾರ್ಡ್. ತೋರುಬೆರಳನ್ನು ಮೊದಲನೇ ಫ್ರೆಟ್ಟಿನ ಉದ್ದಕ್ಕೂ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ನಟ್ ಸರಿಯಿರುವ ಗಿಟಾರಿನಲ್ಲೇ ಅದು ಮೊದಲ ದೊಡ್ಡ ಏರು. ಎತ್ತರದ ನಟ್ ಇರುವಲ್ಲಿ ನನ್ನ ಕೈಗೇ ಅದು ಕಷ್ಟ, ಹನ್ನೊಂದು ವರ್ಷದ ಬೆರಳಿಗೆ ಸಾಧ್ಯವೇ ಇಲ್ಲ. ನಾನು ಕಂಡ ಹಾಗೆ ಮಕ್ಕಳು ಗಿಟಾರ್ ಬಿಡುವುದು ಬಹುಪಾಲು ಈ ಜಾಗದಲ್ಲಿ.

ಎಷ್ಟು ಜನ ಬಿಡುತ್ತಾರೆ ಎಂಬುದು ಗಿಟಾರ್ ಲೋಕಕ್ಕೆ ಗೊತ್ತಿಲ್ಲದ ವಿಷಯವಲ್ಲ. ಹೊಸದಾಗಿ ಗಿಟಾರ್ ಹಿಡಿದವರಲ್ಲಿ ಶೇ. 90ರಷ್ಟು ಮಂದಿ ವರ್ಷ ತುಂಬುವುದರೊಳಗೆ ಕೈಬಿಡುತ್ತಾರೆ ಎಂದು ಅಮೆರಿಕದ ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದ ಆ್ಯಂಡಿ ಮೂನಿ ಬಹಿರಂಗವಾಗಿಯೇ ಹೇಳಿದ್ದರು. ಗಿಟಾರ್ ಮಾಡುವ ಕಂಪನಿಯ ಯಜಮಾನರ ಬಾಯಿಂದ ಬಂದ ಲೆಕ್ಕ ಅದು. ನಮ್ಮ ಕಡೆಯ ಲೆಕ್ಕ ಬೇಕಿದ್ದರೆ ಹಳೆಯ ಸಾಮಾನು ಮಾರುವ ಯಾವುದಾದರೂ ಆ್ಯಪ್ ತೆರೆದು ಹೈದರಾಬಾದ್ ಎಂದು ಹಾಕಿ ನೋಡಿ. ಗಿಟಾರುಗಳ ಸಾಲು ಮುಗಿಯುವುದೇ ಇಲ್ಲ. ಪ್ರತಿಯೊಂದರ ಕೆಳಗೂ ಒಂದೇ ಒಕ್ಕಣೆ: ಹೊಸದರಂತಿದೆ, ಹೆಚ್ಚು ಬಳಸಿಲ್ಲ. ಎಲ್ಲರೂ ಸೋಮಾರಿತನದಿಂದ ಬಿಟ್ಟವರಲ್ಲ. ಕೆಲವರಿಗೆ ಆಸಕ್ತಿ ಇಳಿದಿರಬಹುದು, ಪರೀಕ್ಷೆ ಬಂದಿರಬಹುದು. ಉಳಿದವರ ಗಿಟಾರನ್ನು ಒಮ್ಮೆ ಅಳೆಯಬೇಕು ಎಂದು ನನ್ನ ಕೈ ತುರಿಸುತ್ತದೆ.

ಆ ನೀಲಿ ಗಿಟಾರಿಗೆ ಮಾಡಿದ ರಿಪೇರಿ ದೊಡ್ಡದೇನಲ್ಲ. ತಂತಿ ಸಡಿಲಿಸಿ, ಕತ್ತಿನ ಒಳಗಿರುವ ಟ್ರಸ್ ರಾಡಿಗೆ ಅಲನ್ ಕೀ ಹಾಕಿ ಕಾಲು ಸುತ್ತು ಬಿಗಿಮಾಡಿದೆ, ಕತ್ತಿನ ಬಾಗು ಇಳಿಯಿತು. ಬ್ರಿಡ್ಜಿನಿಂದ ಸ್ಯಾಡಲ್ ಎಂಬ ಬಿಳಿ ಪಟ್ಟಿಯನ್ನು ಎಳೆದು ತೆಗೆದು, ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಅದರ ತಳವನ್ನು ಉಜ್ಜಿದೆ. ಇಲ್ಲೊಂದು ಸರಳ ಲೆಕ್ಕವಿದೆ. ಹನ್ನೆರಡನೇ ಫ್ರೆಟ್ಟು ತಂತಿಯ ಉದ್ದದ ನಟ್ಟನಡುವೆ ಇರುವುದರಿಂದ ಸ್ಯಾಡಲ್‌ನಲ್ಲಿ 1 ಮಿಲಿಮೀಟರ್ ಉಜ್ಜಿದರೆ ಅಲ್ಲಿ ಇಳಿಯುವುದು ಅರ್ಧ ಮಿಲಿಮೀಟರ್. ಹಾಗಾಗಿ ಬೇಕಾದದ್ದರ ಎರಡರಷ್ಟು ಉಜ್ಜಬೇಕು, ತಳ ಓರೆಯಾಗದಂತೆ ಉಜ್ಜಬೇಕು. ನಟ್‌ನ ಆರು ಕಚ್ಚುಗಳನ್ನು ತಂತಿಯ ದಪ್ಪಕ್ಕೆ ತಕ್ಕ ಅರದಿಂದ ಒಂದೊಂದೇ ಎಳೆ ಇಳಿಸಿದೆ, ಪ್ರತಿ ಎಳೆತಕ್ಕೂ ತಂತಿ ಏರಿಸಿ ನೋಡುತ್ತ. ಈ ಕೆಲಸ ಮಾತ್ರ ಅವಸರಕ್ಕೆ ಒಗ್ಗುವುದಿಲ್ಲ, ಒಂದು ಎಳೆ ಹೆಚ್ಚಾದರೆ ತಂತಿ ಫ್ರೆಟ್ಟಿಗೆ ಬಡಿದು ಗರಗರ ಎನ್ನುತ್ತದೆ. ಕೊನೆಗೆ ಕಾರ್ಖಾನೆಯ ತಂತಿ ಬಿಚ್ಚಿ ತೆಳುವಾದ 010 ಅಳತೆಯ ತಂತಿಗಳ ಒಂದು ಜೊತೆ ಹಾಕಿದೆ. ಹುಡುಗಿ ಅದೇ ಸಿ ಕಾರ್ಡ್ ಹಿಡಿದಳು. ಆರಲ್ಲಿ ಐದು ತಂತಿ ಚೊಕ್ಕವಾಗಿ ನುಡಿದವು, ಮುಖ ಎತ್ತಿ ಅಪ್ಪನನ್ನು ನೋಡಿದಳು.

ಈ ಕೆಲಸಕ್ಕೆ ಸೆಟಪ್ ಎನ್ನುತ್ತಾರೆ, ನಿಮಗೆ ಗೊತ್ತಿರುವುದೇ. ಅರವೂ ಉಪ್ಪುಕಾಗದವೂ ಅಲನ್ ಕೀಯೂ ಅರ್ಧ ಗಂಟೆಯೂ ಸಾಕು. ಹಾಗಿದ್ದ ಮೇಲೆ ಇದನ್ನು ಮಾಡದೆ ಏಕೆ ಮಾರುತ್ತೀರಿ? ಅಳತೆ ತೆಗೆಯದೆ ಬಟ್ಟೆಯ ಥಾನನ್ನೇ ಕೊಟ್ಟು ಅಂಗಿ ಎಂದು ಬಿಲ್ ಬರೆದಂತಾಗಲಿಲ್ಲವೇ?

ನಮ್ಮ ಸಂಗೀತದ ವಾದ್ಯಗಳನ್ನು ಮಾಡುವವರು ಹೀಗೆ ಮಾಡುವುದಿಲ್ಲ. ವೀಣೆಯ ಕೊಡ, ದಂಡಿ ಎಲ್ಲ ಮುಗಿದ ಮೇಲೂ ಮೇಳ ಕಟ್ಟುವವರೆಗೆ ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಮೇಣದ ದಿಂಡಿನ ಮೇಲೆ 24 ಮೆಟ್ಟಿಲುಗಳನ್ನು ಕಿವಿಯಿಂದಲೇ ಅಳೆದು ಕೂರಿಸುವ ಕೆಲಸ ಅದು. ಮೇಣ ಸಡಿಲಿದರೆ ಮತ್ತೆ ಕಟ್ಟಿಸುತ್ತಾರೆ, ಅದಕ್ಕೆಂದೇ ಕಸುಬುದಾರರನ್ನು ಹುಡುಕಿಕೊಂಡು ಹೋಗುತ್ತಾರೆ. ಧಾರವಾಡ, ಹುಬ್ಬಳ್ಳಿ ಕಡೆಯ ಗವಾಯಿಗಳ ಮನೆಗೆ ಮೀರಜಿನಿಂದ ತಂಬೂರಿ ಬರುತ್ತಿತ್ತು, ಈಗಲೂ ಬರುತ್ತದೆ. ಅದರ ಕುದುರೆಯ, ಎಂದರೆ ಬ್ರಿಡ್ಜಿನ, ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಜವಾರಿ ತೆಗೆಯದೆ ಅಲ್ಲಿನ ಕುಶಲಕರ್ಮಿ ವಾದ್ಯವನ್ನು ಕೈಬಿಡುವುದಿಲ್ಲ. ಜವಾರಿ ಇಲ್ಲದ ತಂಬೂರಿಗೆ ನಾದವೇ ಇಲ್ಲ ಎಂದು ಕೊಳ್ಳುವವರಿಗೂ ಗೊತ್ತು, ಕೊಡುವವರಿಗೂ ಗೊತ್ತು. ಗಿಟಾರಿನ ಮಾತಿಗೆ ಬಂದರೆ, ಅದರ ಫ್ರೆಟ್ಟುಗಳನ್ನು ಕೂರಿಸುವ ಲೆಕ್ಕ ಪಾಶ್ಚಾತ್ಯರಲ್ಲಿ ಹಳೆಯದು. ಖಗೋಳ ವಿಜ್ಞಾನಿ ಗೆಲಿಲಿಯೊ ಅವರ ತಂದೆ, ಲ್ಯೂಟ್ ವಾದಕ ವಿಂಚೆನ್ಸೊ ಗೆಲಿಲೆಯ್ ಹದಿನಾರನೇ ಶತಮಾನದಲ್ಲೇ ಅದಕ್ಕೆ ಹದಿನೆಂಟರ ಸೂತ್ರ ಕೊಟ್ಟಿದ್ದರು. ಉಳಿದ ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲಿಗೆ ಒಂದು ಫ್ರೆಟ್. ಈಗ ಯಂತ್ರಗಳು ಅದನ್ನು ಇನ್ನೂ ನಿಖರವಾಗಿ ಮಾಡುತ್ತವೆ, ಅಗ್ಗದ ಗಿಟಾರಿನಲ್ಲೂ ಫ್ರೆಟ್ಟುಗಳು ತಕ್ಕ ಜಾಗದಲ್ಲೇ ಇರುತ್ತವೆ. ಯಂತ್ರ ಬಿಟ್ಟುಹೋಗುವುದು ಆ ಕೊನೆಯ ಅರ್ಧ ಗಂಟೆಯ ಕೈಕೆಲಸವನ್ನು. ವೀಣೆಗೂ ತಂಬೂರಿಗೂ ಸಲ್ಲುವ ಆ ಮರ್ಯಾದೆ ಗಿಟಾರಿಗೆ ಏಕಿಲ್ಲ?

ಅದೂ ನಮ್ಮ ಊರಿನಲ್ಲಿ. 1967ರಲ್ಲಿ ವಿಜ್ಞಾನಿ ಎ.ಎಸ್. ರಾವ್ ಅವರು ಇಲ್ಲಿ ಇಸಿಐಎಲ್ ಎಂಬ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಟ್ಟಿದರು, ದೇಶದಲ್ಲೇ ತಯಾರಾದ ಮೊದಮೊದಲ ಕಂಪ್ಯೂಟರುಗಳು ಇಲ್ಲಿಂದ ಹೊರಟವು, ಒಂದು ಕಾಲಕ್ಕೆ ಮನೆಮನೆಯ ಇಸಿ ಟಿವಿಯೂ ಇಲ್ಲಿಯದೇ. ಪಕ್ಕದಲ್ಲಿ 1971ರಿಂದ ಪರಮಾಣು ಇಂಧನ ತಯಾರಿಸುವ ಎನ್‌ಎಫ್‌ಸಿ. ಅದರ ಸುತ್ತ ಚೆರ್ಲಪಲ್ಲಿ, ಮೌಲಾಲಿಗಳ ನೂರಾರು ಸಣ್ಣ ಶೆಡ್ಡುಗಳು. ಮಿಲಿಮೀಟರಿನ ನೂರನೇ ಒಂದು ಪಾಲನ್ನು ಹಿಡಿದು ಕೆಲಸ ಮಾಡುವ ಕೈಗಳು ಈ ಬೀದಿಗಳಲ್ಲಿ ಸಾವಿರಾರಿವೆ. ಶಿಫ್ಟ್ ಮುಗಿಸಿ ಬಂದು ಮಗಳಿಗೆ ಗಿಟಾರ್ ಕೊಡಿಸುವ ಅಪ್ಪ ದಿನವಿಡೀ ವರ್ನಿಯರ್ ಹಿಡಿದಿರುತ್ತಾನೆ. ಗಿಟಾರಿಗೂ ಅಳತೆ ಎಂಬುದಿದೆ ಎಂದು ಅಂಗಡಿಯಲ್ಲಿ ಯಾರೂ ಅವನಿಗೆ ಹೇಳುವುದಿಲ್ಲ. ಹೇಳಿದ್ದರೆ ಅವನೇ ನಿಮ್ಮ ಕೌಂಟರಿನ ಮೇಲೆ ಸ್ಕೇಲ್ ಇಡುತ್ತಿದ್ದ.

ಇನ್ನು ಮರದ ವಿಚಾರ. ಇಲ್ಲಿ ನೀವು ಸ್ವಲ್ಪ ಬಿಚ್ಚಿ ಮಾತಾಡಬೇಕು. ಗಿಟಾರಿನ ಎದೆಯ ಹಲಗೆ ಒಂದೇ ಮರದ ಸೀಳಾದರೆ ಸಾಲಿಡ್ ಟಾಪ್, ತೆಳು ಪದರಗಳನ್ನು ಅಂಟಿಸಿದ್ದಾದರೆ ಪ್ಲೈ. ನಾದದ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಮೇಲಿನ ನಾರಿನ ಗೆರೆ ಅಂಚಿನಲ್ಲೂ ಹಾಗೆಯೇ ಇಳಿದಿದ್ದರೆ ಸಾಲಿಡ್, ಮೂರು ಪದರ ಕಂಡರೆ ಪ್ಲೈ. ಪ್ಲೈ ಎಂದರೆ ಕಳಪೆ ಎಂದು ನಾನು ಹೇಳುವುದಿಲ್ಲ. ಈ ಊರಿನ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಒಣಗಿ, ಜುಲೈಯಲ್ಲಿ ನೆನೆದು ಹೋಗುವ ಹವೆಗೆ ಪ್ಲೈ ಗಟ್ಟಿಯಾಗಿ ನಿಲ್ಲುತ್ತದೆ. ಚೊಚ್ಚಲ ಗಿಟಾರಿಗೆ, ಸೆಟಪ್ ಸರಿಯಿದ್ದರೆ, ಅದು ಧಾರಾಳವಾಗಿ ಸಾಕು. ಸಾಲಿಡ್ ಟಾಪಿನ ನಾದ ತುಂಬಿಕೊಂಡಿರುತ್ತದೆ, ನುಡಿಸಿದಷ್ಟೂ ಬಿಚ್ಚಿಕೊಳ್ಳುತ್ತದೆ, ಆದರೆ ಒಣ ಹವೆಯಲ್ಲಿ ಜೋಪಾನ ಮಾಡದಿದ್ದರೆ ಸೀಳುತ್ತದೆ. ಇದನ್ನು ಇದ್ದ ಹಾಗೆ ಹೇಳಿದರೆ ಕೊಳ್ಳುವವರು ತಮ್ಮ ಜೇಬಿಗೂ ಮನೆಗೂ ತಕ್ಕದ್ದನ್ನು ಆರಿಸಿಕೊಳ್ಳುತ್ತಾರೆ. ನೀವು ‘ಸ್ಪ್ರೂಸ್ ಟಾಪ್’ ಎನ್ನುತ್ತೀರಿ, ಸಾಲಿಡ್ ಹೌದೋ ಅಲ್ಲವೋ ಎಂಬುದನ್ನು ನುಂಗಿಕೊಳ್ಳುತ್ತೀರಿ. ‘ರೋಸ್‌ವುಡ್’ ಎನ್ನುತ್ತೀರಿ, ಅದು ಬರಿಯ ಬಣ್ಣವಾಗಿರುತ್ತದೆ.

ರೋಸ್‌ವುಡ್ ಎಂದರೆ ನಮ್ಮ ಬೀಟೆ, ಹಾಗಾಗಿ ಈ ಮಾತು ನನಗೆ ಹೆಚ್ಚು ಚುಚ್ಚುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದ ಕಾಡುಗಳಲ್ಲಿ, ಕಾಫಿ ತೋಟದ ನೆರಳಿನ ಮರಗಳ ನಡುವೆ ನಿಂತಿರುವ ಮರ. ಸ್ವಂತ ತೋಟದಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೊಡಲಿ ಹಾಕುವಂತಿಲ್ಲ. ಮೈಸೂರಿನ ಕೆತ್ತನೆಗಾರರು ಇದರ ಮೇಲೆಯೇ ಚಿತ್ರ ಕೂರಿಸುವ ಕೆಲಸ ಮಾಡುತ್ತಾರೆ. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಗಿಟಾರುಗಳ ಬೆನ್ನಿಗೂ ಪಕ್ಕೆಗೂ ಮೊದಲು ಬಳಸುತ್ತಿದ್ದದ್ದು ಬ್ರೆಜಿಲ್‌ನ ರೋಸ್‌ವುಡ್. ಆ ಮರ ಸಿಗುವುದು ದುಸ್ತರವಾದಾಗ, 1969ರ ಕೊನೆಗೆ, ಭಾರತದ ಬೀಟೆಗೆ ಬಂತು. ಅಲ್ಲಿಂದೀಚೆಗೆ ಜಗತ್ತಿನ ಒಳ್ಳೊಳ್ಳೆಯ ಗಿಟಾರುಗಳ ಹೊಟ್ಟೆಯಲ್ಲಿ ನಾದ ತಿರುಗಿಸುತ್ತಿರುವುದು ಪಶ್ಚಿಮ ಘಟ್ಟದ ಸೀಮೆಯ ಈ ಮರ. 2017ರ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಗಾಕ್ಕೆ ಒಳಪಟ್ಟವು. ವಾದ್ಯ ಹೊತ್ತು ಗಡಿ ದಾಟುವ ಸಂಗೀತಗಾರರೂ ಕಾಗದಪತ್ರ ಹಿಡಿದು ಓಡಾಡಬೇಕಾಯಿತು. 2019ರ ನವೆಂಬರಿನಿಂದ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರಕ್ಕೆ ಕಾವಲು ಹಾಗೆಯೇ ಉಳಿಯಿತು. ಉಳಿಯಬೇಕು ಕೂಡ. ಬೀಟೆಯ ತಿರುಳು ಬಲಿಯಲು ಒಂದು ತಲೆಮಾರು ಸಾಲದು.

ಇಷ್ಟು ಬೆಲೆಯುಳ್ಳ, ಇಷ್ಟು ಕಾವಲಿರುವ ಮರದ ಹೆಸರನ್ನು ಕಂದು ಬಣ್ಣ ಬಳಿದ ಪ್ಲೈಗೆ ಅಂಟಿಸಿ, ಆ ಮರದ ನೆರಳಿನಲ್ಲೇ ಹುಟ್ಟಿ ಬೆಳೆದವರ ಮಕ್ಕಳಿಗೆ ಮಾರುವುದು ಸರಿಯಲ್ಲ. ‘ಇದು ಬಣ್ಣ, ಒಳಗೆ ಬೇರೆ ಮರ’ ಎಂದು ಹೇಳಿಬಿಡಿ. ವ್ಯಾಪಾರ ಕೆಡುವುದಿಲ್ಲ. ಮೂರು ನಾಲ್ಕು ಸಾವಿರದ ಗಿಟಾರಿನಲ್ಲಿ ಬೀಟೆ ಸಿಗುತ್ತದೆ ಎಂದು ಯಾವ ಅಪ್ಪನೂ ಕನಸು ಕಾಣುತ್ತಿಲ್ಲ, ಆ ಕನಸು ಬಿತ್ತುವುದು ನಿಮ್ಮ ಮಾತೇ.

ಗಾತ್ರದ ವಿಷಯದಲ್ಲೂ ಮಕ್ಕಳಿಗೆ ಅನ್ಯಾಯವಾಗುತ್ತಿದೆ. ಗೋಡೆಯ ಮೇಲೆ ಎದ್ದು ಕಾಣುವ ಅಗಲ ಸೊಂಟದ, ಆಳ ಹೊಟ್ಟೆಯ ಗಿಟಾರಿಗೆ ಡ್ರೆಡ್‌ನಾಟ್ ಎಂದು ಹೆಸರು. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯ ಹೆಸರು ಅದು, 1916ರಲ್ಲಿ ಮಾರ್ಟಿನ್ ಕಂಪನಿ ಬಾಸ್ಟನ್ನಿನ ಅಂಗಡಿಯೊಂದಕ್ಕಾಗಿ ಈ ದೊಡ್ಡ ಮೈಯ ಗಿಟಾರ್ ಮಾಡಿತು. ದೊಡ್ಡವರ ಗಟ್ಟಿ ಹಾಡಿಗೆ ಅದು ಒಳ್ಳೆಯ ಸಾಥಿ. ಹತ್ತು ವರ್ಷದ ಮಗು ಅದನ್ನು ತೊಡೆಯ ಮೇಲಿಟ್ಟುಕೊಂಡರೆ ಬಲಗೈ ಹೆಗಲಿನಿಂದಲೇ ಮೇಲೆದ್ದು, ಮೊಣಕೈ ಗಾಳಿಯಲ್ಲಿ ತೂಗುತ್ತದೆ. ಎಡಗೈ ಮೊದಲ ಫ್ರೆಟ್ ಮುಟ್ಟಲು ಇಡೀ ಬೆನ್ನು ವಾಲಬೇಕು. ‘ಬೆಳೆಯುವ ಮಗು, ದೊಡ್ಡದೇ ತೆಗೆದುಕೊಳ್ಳಿ’ ಎಂದು ಶಾಲೆಯ ಶೂಸಿಗೆ ಹೇಳುವ ಮಾತನ್ನು ಇಲ್ಲಿ ಹೇಳಬೇಡಿ. ಮಗುವನ್ನು ಕೂರಿಸಿ, ಗಿಟಾರ್ ತೊಡೆಯ ಮೇಲಿಟ್ಟು, ಭುಜ ಏಳದೆ ಬಲಗೈ ತಂತಿಗೆ ಬರುತ್ತದೆಯೇ ನೋಡಿ. ಬಾರದಿದ್ದರೆ ಮುಕ್ಕಾಲು ಅಳತೆಯದ್ದನ್ನು ಒಳಗಿನಿಂದ ತನ್ನಿ. ಅದು ನಿಮ್ಮಲ್ಲಿ ಇದೆ, ಲಾಭ ಕಡಿಮೆ ಎಂದು ಮೇಲೆ ತೂಗುಹಾಕಿಲ್ಲ ಅಷ್ಟೆ ಎಂಬುದು ನನ್ನ ಅನುಮಾನ.

ನೈಲಾನ್ ತಂತಿಯದೋ ಸ್ಟೀಲ್ ತಂತಿಯದೋ ಎಂಬ ಪ್ರಶ್ನೆಯನ್ನು ಕೊಳ್ಳುವವರು ಕೇಳುವುದು ಅಪರೂಪ, ಕೇಳದಿದ್ದರೂ ಹೇಳಬೇಕಾದವರು ನೀವು. ಸ್ಪೇನಿನ ಆಂಟೋನಿಯೊ ದೆ ಟೋರೆಸ್ ಹತ್ತೊಂಬತ್ತನೇ ಶತಮಾನದಲ್ಲಿ ರೂಪ ಕೊಟ್ಟ ಕ್ಲಾಸಿಕಲ್ ಗಿಟಾರಿಗೆ ನೈಲಾನ್ ತಂತಿ, 52 ಮಿಲಿಮೀಟರ್ ಆಸುಪಾಸಿನ ಅಗಲ ಕತ್ತು. ಬೆರಳಿಗೆ ಮೃದು, ಹಿಡಿತಕ್ಕೆ ಅಗಲ. ಸ್ಟೀಲ್ ತಂತಿಯದಕ್ಕೆ ಕತ್ತು 43ರಷ್ಟು, ಬೆರಳಿಗೆ ಬಿರುಸು. ಸಾಮಾನ್ಯ 012 ಜೊತೆಯ ಆರು ಸ್ಟೀಲ್ ತಂತಿಗಳು ಸೇರಿ 70 ಕಿಲೋಗಿಂತ ಹೆಚ್ಚು ಭಾರದಿಂದ ಬ್ರಿಡ್ಜನ್ನು ಎಳೆಯುತ್ತವೆ, ನೈಲಾನ್ ಎಳೆಯುವುದು ಹೆಚ್ಚುಕಡಿಮೆ 40 ಕಿಲೋ. ಒಬ್ಬ ಹುಡುಗನ ಕ್ಲಾಸಿಕಲ್ ಗಿಟಾರಿಗೆ ಯಾವುದೋ ಅಂಗಡಿಯಲ್ಲಿ ‘ಸೌಂಡ್ ಚೆನ್ನಾಗಿ ಬರುತ್ತದೆ’ ಎಂದು ಸ್ಟೀಲ್ ತಂತಿ ಏರಿಸಿ ಕಳಿಸಿದ್ದರು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬ್ರಿಡ್ಜ್ ಎದೆಯ ಹಲಗೆಯ ಚೂರಿನ ಸಮೇತ ಕಿತ್ತು ಬಂತು. ಇದನ್ನು ಮಾತ್ರ ದಯವಿಟ್ಟು ಯಾರಿಗೂ ಮಾಡಬೇಡಿ. ಟ್ರಿನಿಟಿ ಸಂಗೀತ ಪರೀಕ್ಷೆ ಕಟ್ಟಿಸುವ ಶಿಕ್ಷಕರ ಬಳಿ ಮಗು ಹೋಗುವುದಾದರೆ, ಕ್ಲಾಸಿಕಲ್ಲೋ ಅಕೂಸ್ಟಿಕ್ಕೋ ಎಂದು ಅವರನ್ನು ಕೇಳಿಕೊಂಡು ಬರಲು ಹೇಳಿ ಕಳಿಸಿದರೂ ಆದೀತು. ಆ ಹೊತ್ತಿನ ವ್ಯಾಪಾರ ಮುಂದಕ್ಕೆ ಹೋಗುತ್ತದೆ, ಗಿರಾಕಿ ಉಳಿಯುತ್ತಾರೆ.

ಈ ಪತ್ರವನ್ನು ನಿಮ್ಮ ಹೆಗಲ ಮೇಲಿಂದ ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದೆರಡು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗಡಿಗೆ ಮಗುವನ್ನು ಕರೆದುಕೊಂಡೇ ಹೋಗಿ, ಆದರೆ ಬಣ್ಣದ ಮಾತನ್ನು ಕೊನೆಗಿಡಿ. ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇರಲಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ಮೀಟಿಸಿ ನೋಡಿ, ಗರಗರ ಎಲ್ಲೂ ಬರಬಾರದು. ಹನ್ನೆರಡನೇ ಫ್ರೆಟ್ಟಿನ ಸ್ವರವನ್ನು ಫೋನಿನ ಟ್ಯೂನರಿಗೆ ಹಿಡಿಯಿರಿ, ಬಿಟ್ಟ ತಂತಿಯ ಸ್ವರದ ಮೇಲಿನ ಸ್ಥಾಯಿಯೇ ಅದಾಗಿರಬೇಕು. ಫ್ರೆಟ್ಟುಗಳ ಅಂಚಿನ ಮೇಲೆ ಬೆರಳಾಡಿಸಿ. ಚುಚ್ಚಿದರೆ ಕತ್ತಿನ ಮರ ಒಣಗಿ ಕುಗ್ಗಿದೆ ಎಂದು ಅರ್ಥ, ನಮ್ಮ ಬೇಸಿಗೆಯಲ್ಲಿ ಇದು ಸಾಮಾನ್ಯ. ಕೊಂಡ ಮೇಲೆ ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಡಬೇಡಿ, ತಗಡಿನ ಚಾವಣಿಯ ಕೆಳಗಿನ ಅಟ್ಟಕ್ಕೆ ಹಾಕಬೇಡಿ. ಹಣದ ಲೆಕ್ಕ ಹಾಕುವಾಗ ಸೆಟಪ್ಪಿಗೂ ಒಂದು ಜೊತೆ ತೆಳು ತಂತಿಗೂ ಮೊದಲೇ ತೆಗೆದಿಡಿ. ಹತ್ತು ಸಾವಿರದ ಆಸುಪಾಸಿನಲ್ಲಿ ಹೆಸರಾಂತ ಕಂಪನಿಗಳ ನಂಬಬಹುದಾದ ಗಿಟಾರ್ ಬರುತ್ತದೆ. ಅಷ್ಟು ಕೈಗೆಟುಕದಿದ್ದರೆ ಅಗ್ಗದ್ದನ್ನು ಕೊಂಡು ಸರಿಮಾಡಿಸಿ. ಸೆಟಪ್ ಆಗಿರುವ ನಾಲ್ಕು ಸಾವಿರದ ಗಿಟಾರ್, ಆಗದಿರುವ ಹದಿನೈದು ಸಾವಿರದ್ದಕ್ಕಿಂತ ಮಗುವಿಗೆ ಒಳ್ಳೆಯದು. ಇದನ್ನು ನಾನು ಯಾರ ಎದುರು ಬೇಕಾದರೂ ಹೇಳಬಲ್ಲೆ. ಬಳಸಿದ ಗಿಟಾರ್ ಕೊಳ್ಳುವುದೂ ತಪ್ಪಲ್ಲ, ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಅಂಗಡಿಯವರೇ, ನಿಮ್ಮ ಕಷ್ಟ ನನಗೆ ಕಾಣುವುದಿಲ್ಲ ಎಂದುಕೊಳ್ಳಬೇಡಿ. ಬಾಡಿಗೆ ಏರಿದೆ, ಫೋನಿನಲ್ಲಿ ಬಟನ್ ಒತ್ತಿದರೆ ಮರುದಿನ ಮನೆ ಬಾಗಿಲಿಗೆ ಗಿಟಾರ್ ಬರುತ್ತದೆ, ಗಿರಾಕಿ ನಿಮ್ಮ ಅಂಗಡಿಯಲ್ಲಿ ನುಡಿಸಿ ನೋಡಿ ಅಲ್ಲಿ ಕೊಳ್ಳುತ್ತಾನೆ. ಬೆಲೆಯಲ್ಲಿ ಅವರನ್ನು ಗೆಲ್ಲುವುದು ನಿಮ್ಮಿಂದಾಗದು. ಆದರೆ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಗಿಟಾರಿನ ನಟ್ಟನ್ನು ಯಾರೂ ಉಜ್ಜಿರುವುದಿಲ್ಲ. ಮಗುವಿನ ಕೈ ನೋಡಿ ತಂತಿ ಬದಲಿಸುವವರು ಅಲ್ಲಿಲ್ಲ. ಅದನ್ನು ಮಾಡಬಲ್ಲವರು ನೀವೊಬ್ಬರೇ, ನಿಮಗೆ ಉಳಿದಿರುವ ದೊಡ್ಡ ಬಲವೂ ಅದೇ. ಕೆಲವು ನೂರು ರೂಪಾಯಿ ಹೆಚ್ಚು ಕೇಳಿ, ಏಕೆ ಎಂದು ತೋರಿಸಿ, ಕೊಡುತ್ತಾರೆ. ನಮ್ಮ ಕಡೆಯ ಜನ ಕೆಲಸಕ್ಕೆ ಕೂಲಿ ಕೊಡಲು ಹಿಂದೆ ಮುಂದೆ ನೋಡುವವರಲ್ಲ. ಕಸುಬು ಕಲಿಸುವುದಕ್ಕೂ ಜನ ಹುಡುಕಬೇಕಿಲ್ಲ. ಐಟಿಐ ಮುಗಿಸಿದ ಫಿಟ್ಟರ್ ಹುಡುಗನೊಬ್ಬನನ್ನು ಇಟ್ಟುಕೊಳ್ಳಿ. ಅರ ಹಿಡಿಯಲು ಬರುವವನಿಗೆ ನಟ್ ಇಳಿಸುವುದು ಒಂದು ವಾರದ ಕಲಿಕೆ. ಬೇಕೆಂದರೆ ನಾನೇ ಬಂದು ಹೇಳಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.

ನಿಮ್ಮಿಂದ ನಾನು ಕೇಳುವುದು ಇಷ್ಟು. ಅಂಗಡಿಯಲ್ಲಿ ಕೈಯಿಲ್ಲದ ಒಂದು ಸ್ಟೂಲ್ ಇಡಿ, ಮಗು ಕೂತು ನುಡಿಸಲಿ. ಗೋಡೆಯಿಂದ ಇಳಿಸಿದ ಗಿಟಾರನ್ನು ಶ್ರುತಿ ಮಾಡಿಯೇ ಕೈಗೆ ಕೊಡಿ. ಬಿಲ್ಲಿನ ಮೇಲೆ ಹನ್ನೆರಡನೇ ಫ್ರೆಟ್ಟಿನ ಅಳತೆಯನ್ನೂ, ಟಾಪ್ ಸಾಲಿಡ್ಡೋ ಪ್ಲೈಯೋ ಎಂಬುದನ್ನೂ ಬರೆದು ಸಹಿ ಹಾಕಿ. ತಿಂಗಳೊಳಗೆ ತಂತಿ ಎತ್ತರವಾಯಿತೆಂದು ವಾಪಸು ತಂದರೆ ಮುಖ ಸಿಂಡರಿಸದೆ ಇಳಿಸಿಕೊಡಿ.

ಜೂನ್‌ನಲ್ಲಿ ಶಾಲೆ ಶುರುವಾಗುವ ಮುನ್ನ, ಬೇಸಿಗೆ ರಜೆಯಲ್ಲಿ, ನಮ್ಮ ಬೀದಿಯಿಂದ ಇನ್ನೂ ಕೆಲವು ಮಕ್ಕಳು ನಿಮ್ಮಲ್ಲಿಗೆ ಬರುವವರಿದ್ದಾರೆ. ಅವರಲ್ಲಿ ಒಬ್ಬ ಎಡಗೈಯವನು. ತಂತಿ ತಿರುಗಿಸಿ ಹಾಕಿದರೆ ಸಾಕು ಎಂದು ಕಳಿಸಬೇಡಿ, ಎಡಗೈಯವರಿಗೆಂದೇ ಮಾಡಿದ್ದನ್ನು ತರಿಸಿಕೊಡಿ. ಅವನ ಅಪ್ಪ ಕಾಯಲು ತಯಾರಿದ್ದಾರೆ.

ಇತಿ ನಿಮ್ಮ ಗಿರಾಕಿಗಳ ಪೈಕಿ ಒಬ್ಬ,
ಕುಷಾಯಿಗೂಡ